ಕೇಳಿದ್ದಕ್ಕೆ ಮಾತ್ರ

ಹೊಸ ತೆನೆಯ ಕಾಳನ್ನು ಸುಲಿದು, ಕಲ್ಲಿನಲ್ಲಿ ಜಜ್ಜಿ, ಬಿಸಿ ಹಾಲಿಗೆ ಹಾಕಿದಾಗ ಏಳುವ ವಾಸನೆ ಹುಲ್ಲಿನದ್ದೂ ಅಲ್ಲ, ಅನ್ನದ್ದೂ ಅಲ್ಲ, ಇನ್ನೂ ಅನ್ನವಾಗದೆ ಇರುವ ಒಂದು ಎಳೆಯ ವಾಸನೆ. ಎಲ್ಲರೂ ಮರ್ಯಾದೆಗೆ ಪಾವ್ಲಿನ್ ಬಾಯಿ ಎನ್ನುವ ಪಾವ್ಲಿನಳಿಗೆ ಅದು ಬೆಳ್ತಂಗಡಿ ಕಡೆಯ ತವರುಮನೆಯ ವಾಸನೆ, ಸೆಪ್ಟೆಂಬರ್ ಎಂಟರದ್ದು, ಮಾತೆ ಮರಿಯಮ್ಮನ ಹುಟ್ಟಿದ ಹಬ್ಬದ್ದು. ಆ ದಿನ ಇಗರ್ಜಿಯಲ್ಲಿ ಆಶೀರ್ವದಿಸಿದ ಭತ್ತದ ತೆನೆಗಳನ್ನು ವಾಡೆಯ, ಅಂದರೆ ಕೇರಿಯ, ಮುಖ್ಯಸ್ಥನಾದ ಗುರ್ಕಾರ ಪಟ್ಟಿ ಹಿಡಿದು, ಯಾವ ಮನೆಗೆ ಎಷ್ಟು ತಲೆ ಎಂದು ಎಣಿಸಿ ಕೊಡುತ್ತಿದ್ದ. ಅಜ್ಜಿ ಆ ಪಟ್ಟಿಯನ್ನು ಲೆಕ್ಕಕ್ಕೆ ಇಟ್ಟವಳಲ್ಲ. ಸೊಸೆ ಬಸುರಿಯಾಗಿದ್ದ ವರ್ಷ ಗುರ್ಕಾರ ಎಂಟು ತೆನೆ ಎಣಿಸಿ ಮುಂದಿನ ಮನೆಯ ಹೆಸರು ಕೂಗಿದರೂ ಅವಳು ಚಾಚಿದ ಕೈ ಹಿಂದಕ್ಕೆ ತೆಗೆಯಲಿಲ್ಲ. ಹಿಂದೆ ನಿಂತವರು ಕೆಮ್ಮಿದರು. ಕೊನೆಗೆ ಗುರ್ಕಾರನೇ ನಾಚಿ ಒಂಬತ್ತನೆಯದನ್ನು ಅವಳ ಅಂಗೈಯಲ್ಲಿ ಇಟ್ಟ. ಊಟದ ಹೊತ್ತಿಗೆ ಅಮ್ಮನ ಬಟ್ಟಲಿಗೆ ಅಜ್ಜಿ ಎರಡು ಸೌಟು ಹಾಲು ಹಾಕಿದಳು, ಒಂದಾದ ಮೇಲೆ ಒಂದು, ಎರಡು ಜನಕ್ಕೆ ಬಡಿಸುವ ಹಾಗೆ ನಡುವೆ ಸ್ವಲ್ಪ ತಡೆದು. ಆರು ವರ್ಷದ ಪಾವ್ಲಿನ್ ಆ ತಡೆಯನ್ನು ನೋಡಿದ್ದಳು. ಮುಂದೆ ಪಾದ್ರಿಗಳ ಎಷ್ಟೋ ಪ್ರವಚನಗಳನ್ನು ಕೇಳಿದಳು, ಧರ್ಮೋಪದೇಶದ ಪ್ರಶ್ನೋತ್ತರಗಳನ್ನು ಬಾಯಿಪಾಠ ಮಾಡಿದಳು, ಮಂಗಳೂರಿನಲ್ಲಿ ನರ್ಸಿಂಗ್ ಕಲಿತಳು. ಹೊಟ್ಟೆಯಲ್ಲಿ ಇರುವುದೂ ಒಂದು ತಲೆ ಎಂಬುದನ್ನು ಅವಳು ಕಲಿತದ್ದು ಮಾತ್ರ ಆ ಎರಡು ಸೌಟುಗಳ ನಡುವೆ.

ಅರವತ್ತೈದನೇ ಇಸವಿಯ ಹಬ್ಬ ಕಳೆದು ಬಂದ ಭಾನುವಾರ, ಪುತ್ತಿಗೆಯ ಹತ್ತಿರದ ಇಗರ್ಜಿಯ ಸಭಾಕೋಣೆಯಲ್ಲಿ, ಪೂಜೆ ಮುಗಿಸಿ ಬಂದ ಸ್ತ್ರೀಯರ ಸಂಘದವರು ಬೆಂಚುಗಳ ಮೇಲೆ ಕೂತು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದಾಗ, ಕೈಯಲ್ಲಿ ಒಂದು ಹಾಳೆ ಹಿಡಿದು ನಿಂತ ಪಾವ್ಲಿನ್ ಬಾಯಿಯ ಮೂಗಿಗೆ ಆ ವಾಸನೆ ಎಲ್ಲಿಂದಲೋ ಬಂದು ಹೋಯಿತು. ಅವಳಿಗೆ ಈಗ ನಲವತ್ತನಾಲ್ಕು. ಸರ್ಕಾರದ ಹೆರಿಗೆ ಕೇಂದ್ರದಲ್ಲಿ ನರ್ಸ್, ಸಂಘದ ಕಾರ್ಯದರ್ಶಿ. ಗರ್ಭ ತೆಗೆಸುವುದು ಅಪರಾಧ ಎನ್ನುವ ಕಾನೂನನ್ನು ಸಡಿಲ ಮಾಡಬಹುದೋ ಎಂದು ಡೆಲ್ಲಿಯಲ್ಲಿ ಒಂದು ಸಮಿತಿ ಯೋಚಿಸುತ್ತಿದೆಯಂತೆ, ಸಂಘಸಂಸ್ಥೆಗಳ ಅಭಿಪ್ರಾಯ ಕೇಳಿದೆಯಂತೆ. ಹಾಳೆಯಲ್ಲಿ ವಿಗಾರರು, ಅಂದರೆ ಇಗರ್ಜಿಯ ಹಿರಿಯ ಪಾದ್ರಿಗಳು, ತಮ್ಮ ಒತ್ತಾದ ಅಕ್ಷರದಲ್ಲಿ ಬರೆದ ಎರಡು ವಾಕ್ಯಗಳಿದ್ದವು. ಗರ್ಭದಲ್ಲಿರುವ ಜೀವ ದೇವರ ದಾನವಾದುದರಿಂದ ಅದನ್ನು ಕಾಯುವ ಕಾನೂನನ್ನು ಸಡಿಲಿಸಬಾರದು. ಈ ಪಾಪವನ್ನು ಮಾಡುವ ಹೆಂಗಸರಿಗೂ ಮಾಡಿಸುವವರಿಗೂ ಈಗ ಇರುವುದಕ್ಕಿಂತ ಕಠಿಣವಾದ ಶಿಕ್ಷೆ ಆಗಬೇಕು. ಅವಳು ಇದನ್ನು ಗಟ್ಟಿಯಾಗಿ ಓದಬೇಕು, ಎಲ್ಲರೂ ಕೈ ಎತ್ತಬೇಕು, ಅವಳು ಸಹಿ ಹಾಕಬೇಕು. ಮೊದಲನೆಯ ವಾಕ್ಯವನ್ನು ಅವಳು ನಿದ್ದೆಯಲ್ಲೂ ಓದಬಲ್ಲಳು. ಎರಡನೆಯದನ್ನು ಮನಸ್ಸಿನಲ್ಲೇ ಮತ್ತೊಮ್ಮೆ ಓದಿಕೊಂಡಳು.

"ಓದಿ ಬಾಯಿ," ಎಂದರು ವಿಗಾರರು. ಈ ಊರಿಗೆ ಬಂದು ವರ್ಷವಾಗದ, ನಗೆಮುಖದ ಮನುಷ್ಯ. ಕನ್ನಡಕ ಯಾವಾಗಲೂ ಮೂಗಿನ ತುದಿಯಲ್ಲಿ. "ಚಿಕ್ಕದೇ ಉಂಟು. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಟ್ಟರೆ ಸಾಕು. ಉದ್ದ ಬರೆದರೆ ಡೆಲ್ಲಿಯವರು ಓದುವುದಿಲ್ಲ."

ಕೇಳಿದ್ದಕ್ಕೆ ಮಾತ್ರ. ಬಂಟ್ವಾಳದ ಕೋರ್ಟಿನಲ್ಲಿ ಗುಮಾಸ್ತ ಹೇಳಿದ್ದೂ ಇದನ್ನೇ, ಬೈಬಲನ್ನು ಅವಳ ಕೈಯಿಂದ ಹಿಂದಕ್ಕೆ ತೆಗೆದುಕೊಳ್ಳುತ್ತಾ, ಬಹಳ ಮರ್ಯಾದೆಯಿಂದ. ಎಂಟು ವರ್ಷಗಳ ಹಿಂದೆ ಅವಳು ಬಂಟ್ವಾಳದ ಕೇಂದ್ರದಲ್ಲಿ ಇದ್ದಾಗಿನ ಮಾತು. ಸೇಸಮ್ಮ ಎಂಬ ಒಕ್ಕಲು ಹೆಂಗಸು ಹದಿನೇಳು ವರ್ಷದ ಮಗಳನ್ನು ಎತ್ತಿನ ಗಾಡಿಯಲ್ಲಿ, ಹಳೆಯ ಸೀರೆಗಳ ರಾಶಿಯ ಮೇಲೆ ಮಲಗಿಸಿ ತಂದಿದ್ದಳು. ಹುಡುಗಿಯ ಹೆಸರು ನೀಲಾವತಿ. ಜ್ವರದಲ್ಲಿ ಮೈ ಕೆಂಡ. ಎರಡು ದಿನ ಪಾವ್ಲಿನ್ ಬಾಯಿ ಅವಳ ಹಾಸಿಗೆಯ ಬದಿ ಬಿಟ್ಟು ಏಳಲಿಲ್ಲ. ಮಗು ಉಳಿಯಲಿಲ್ಲ, ಉಳಿಯುವ ಹಾಗೂ ಇರಲಿಲ್ಲ, ಅಂಗೈಯಷ್ಟಿತ್ತು. ಮಂಗಳೂರಿನಲ್ಲಿ ಕನ್ಯಾಸ್ತ್ರೀಯರು ಕಲಿಸಿದ್ದ ಹಾಗೆ ಅವಳು ಒಂದು ಲೋಟದಿಂದ ನೀರು ಹನಿಸಿ, ನೀನು ಬದುಕಿದ್ದರೆ, ಎಂದು ಶುರುವಾಗುವ ಆ ಅನುಮಾನದ ಜ್ಞಾನಸ್ನಾನವನ್ನು ಪಿಸುಗುಟ್ಟಿ ಕೊಟ್ಟಿದ್ದಳು. ಕಿಟಕಿಯ ಹೊರಗೆ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು. ಮೂರನೆಯ ದಿನ ಕಣ್ಣು ಬಿಟ್ಟ ನೀಲಾವತಿ ಹೇಳಿದಳು, ತಾನು ಕುಡಿದದ್ದು ಏನು, ಅದನ್ನು ಅರೆದು ತಂದು, ಕುಡಿಯದಿದ್ದರೆ ನಿಮ್ಮನ್ನು ಗದ್ದೆಯಿಂದ ಎಬ್ಬಿಸುತ್ತೇನೆ ಎಂದವನು ಯಾರು. ಧನಿಗಳ ಮನೆಯ ಜೊಕಿಮ್. ಪಾವ್ಲಿನ್ ಬಾಯಿಯ ಇಗರ್ಜಿಯವನೇ, ಪರಮಪ್ರಸಾದದ ಮೆರವಣಿಗೆಯಲ್ಲಿ ಕೊಡೆಯ ಕೋಲು ಹಿಡಿಯುವವನು, ಅವಳ ಮುಂದಿನ ಸಾಲಿನಲ್ಲಿ ಮೊಣಕಾಲೂರುವವನು. ಪಟೇಲರ ಮೂಲಕ ಪೊಲೀಸರಿಗೆ ತಿಳಿಯಿತು. ಕಾನೂನಿನಲ್ಲಿ ಹೆಂಗಸೂ ಅಪರಾಧಿ. ಸಮನ್ಸ್ ಬಂದಾಗ ಪಾವ್ಲಿನ್ ಬಾಯಿ ಆಗಿನ ಪಾದ್ರಿಗಳನ್ನು ಕೇಳಿದಳು. ಸುಳ್ಳು ಹೇಳಬೇಡ, ಎಂದರು. ಸುಳ್ಳು ಹೇಳಲಿಲ್ಲ. ಆಪಾದಿತೆ ತಾನೇ ಔಷಧಿ ಕುಡಿದೆ ಎಂದು ನಿಮ್ಮಲ್ಲಿ ಹೇಳಿದ್ದುಂಟೋ? ಉಂಟು. ಗರ್ಭಕ್ಕೆ ಎಷ್ಟು ತಿಂಗಳು? ನಾಲ್ಕು. ಇಷ್ಟೆ. ಕೊಟ್ಟವರು ಯಾರು ಎಂದು ಯಾರೂ ಕೇಳಲಿಲ್ಲ. ವಕೀಲರು ಕಾಗದ ಮಡಚಿದರು, ಮ್ಯಾಜಿಸ್ಟ್ರೇಟರು ಗಡಿಯಾರ ನೋಡಿದರು, ಅವಳ ಬಾಯಲ್ಲಿ ಒಂದು ಹೆಸರು ಬಿಸಿ ಗೆಣಸಿನ ಹಾಗೆ ಕೂತಿತ್ತು. ಅವಳು ಸಾಕ್ಷಿಕಟ್ಟೆಯಿಂದ ಕೆಳಗೆ ಇಳಿದಳು. ನೀಲಾವತಿಗೆ ಮೂರು ತಿಂಗಳ ಸಜೆ. ಹೊರಗೆ ವರಾಂಡದಲ್ಲಿ ಜೊಕಿಮನ ಆಳು ಒಂದು ಗೋಲಿ ಸೋಡಾ ತಂದು, "ಬಾಯಮ್ಮ, ಕುಡಿಯಬೇಕಂತೆ," ಎಂದ. ಬಾಯಾರಿತ್ತು. ಅವಳು ಕುಡಿದಳು. ಈ ಎಂಟು ವರ್ಷಗಳಲ್ಲಿ ಅವಳು ಸಜೆಯನ್ನು ಮರೆತ ರಾತ್ರಿಗಳಿವೆ, ಸೋಡಾವನ್ನು ಮರೆತದ್ದಿಲ್ಲ; ಮೂಗಿಗೆ ಏರಿದ ಆ ಗ್ಯಾಸು, ತಣ್ಣಗಿನ ಬಾಟಲಿ, ಕೊನೆಯ ಗುಟುಕನ್ನೂ ಬಿಡದೆ ಹೀರಿದ ತನ್ನದೇ ತುಟಿ.

"ಬಾಯಿಗೆ ಕನ್ನಡಕ ಬೇಕಾ?" ಎಂದು ಯಾರೋ ನಕ್ಕರು. ಅವಳು ಹಾಳೆಯನ್ನು ಎತ್ತಿ ಹಿಡಿದಳು. ಮೊದಲನೆಯ ವಾಕ್ಯ ಓದಿದಳು. ನಿಲ್ಲಿಸಿದಳು.

"ಇದಕ್ಕೆ ನನ್ನ ಕೈ ಮೊದಲು," ಎಂದಳು. ಧ್ವನಿ ತನ್ನದಲ್ಲವೆಂಬಷ್ಟು ಸಣ್ಣದಾಗಿತ್ತು. "ಎರಡನೆಯದನ್ನು ನಾನು ಓದುವುದಿಲ್ಲ, ಫಾದರ್."

ಬೀಸುವ ಸೆರಗುಗಳು ನಿಂತವು. ವಿಗಾರರು ಕನ್ನಡಕವನ್ನು ಮೇಲಕ್ಕೆ ಸರಿಸಿದರು. "ಯಾಕೆ ಬಾಯಿ? ಕೊಲ್ಲುವುದು ಪಾಪ ಅಂತ ಹೇಳಿದ ಮೇಲೆ ಶಿಕ್ಷೆ ಬೇಡ ಅನ್ನಲಿಕ್ಕೆ ಆಗ್ತದಾ? ಬೇಲಿ ಹಾಕ್ತೇವೆ, ಮುಳ್ಳು ಇಡುವುದಿಲ್ಲ ಅಂದ ಹಾಗೆ."

"ಮುಳ್ಳು ಉಂಟು ಫಾದರ್. ಒಂದೇ ಬದಿಗೆ ಉಂಟು." ಅವಳು ಹಾಳೆಯನ್ನು ಮೇಜಿನ ಮೇಲೆ ಇಟ್ಟಳು. "ನಾನು ಒಬ್ಬಳು ಹುಡುಗಿಯನ್ನು ಜೈಲಿಗೆ ಕಳಿಸಿದ್ದೇನೆ. ಬೈಬಲ್ ಮುಟ್ಟಿ, ಸತ್ಯವೇ ಹೇಳಿ. ಅವಳ ಮಗುವಿಗೆ ಈ ಕೈಯಿಂದ ನೀರು ಹಾಕಿದ್ದೇನೆ, ಆದ ಕಾರಣ ಅದು ಜೀವವಾ ಅಲ್ಲವಾ ಅಂತ ಯಾರೂ ನನಗೆ ಹೇಳುವುದು ಬೇಡ. ಮದ್ದು ಅರೆದು ಕೊಟ್ಟವನು ಕೋರ್ಟಿನಲ್ಲಿ ಹಿಂದಿನ ಬೆಂಚಿನಲ್ಲಿ ಕೂತಿದ್ದ. ನಮ್ಮವ. ನನಗೆ ಹೆಸರು ಗೊತ್ತಿತ್ತು. ಯಾರೂ ಕೇಳಲಿಲ್ಲ, ನಾನು ಹೇಳಲಿಲ್ಲ."

ಮುಂದಿನ ಬೆಂಚಿನಲ್ಲಿ ಈ ಊರಿನ ಗುರ್ಕಾರನ ಹೆಂಡತಿ ಕಾರ್ಮಿಣ್ ಬಾಯಿ ಕೂತಿದ್ದಳು. ಜೊಕಿಮನ ಅಕ್ಕ. ಅವನು ಬೊಂಬಾಯಿಗೆ ಹೋಗಿ ವರ್ಷಗಳಾಗಿದ್ದವು. ಅವಳ ಕಿವಿಯ ಬುಗುಡಿ ಅಲುಗುವುದನ್ನು ಪಾವ್ಲಿನ್ ಬಾಯಿ ನೋಡಿದಳು. "ಎಂಟು ವರ್ಷ ಆದ ಮೇಲೆ ನರ್ಸ್ ಬಾಯಿಗೆ ನ್ಯಾಯ ನೆನಪಾಯ್ತು," ಎಂದಳು ಕಾರ್ಮಿಣ್ ಬಾಯಿ, ಯಾರನ್ನೂ ನೋಡದೆ. "ಈಗ ಹೆಸರು ಹೇಳಿ ಮೆರವಣಿಗೆ ಮಾಡುವುದಾ?"

"ಹೇಳುವ ದಿನ ಹೇಳಲಿಲ್ಲ ನಾನು. ಇನ್ನು ಆ ಹೆಸರು ಅವಳದ್ದು, ಬೇಕಾದರೆ ಅವಳು ಹೇಳಲಿ. ನನ್ನ ತಪ್ಪು ನಾನು ಹೇಳಿದ್ದೇನೆ."

ಪಾವ್ಲಿನ್ ಬಾಯಿಗೆ ಹಳೆಯ ಅಭ್ಯಾಸದಂತೆ ಕ್ಷಮೆ ಕೇಳಿ ಕೂತುಬಿಡಬೇಕೆನಿಸಿತು. ಇಷ್ಟು ವರ್ಷ ಎಷ್ಟೋ ಮನೆಗಳಲ್ಲಿ ಅವಳು ಹಾಗೆ ಕೂತಿದ್ದಾಳೆ, ಗಂಡು ಹೆತ್ತವಳಿಗೆ ಕೋಳಿಸಾರು ಬಂದು ಹೆಣ್ಣು ಹೆತ್ತವಳಿಗೆ ಗಂಜಿ ಬಂದಾಗ, ತನ್ನನ್ನು ಕೇಳಲಿಲ್ಲವಲ್ಲ ಎಂದು. ಕಿಟಕಿಯ ಸರಳಿನ ನೆರಳು ಮೇಜಿನ ಮೇಲಿನ ಹಾಳೆಗೆ ಅಡ್ಡ ಬಿದ್ದಿತ್ತು. ಆಗ ಹಿಂದಿನ ಮೂಲೆಯಿಂದ ಒಂದು ಕೋಲು ನೆಲಕ್ಕೆ ತಟ್ಟಿತು. ನತಾಲಿ ಮಾಂಯ್. ಎಂಬತ್ತರ ಮುದುಕಿ, ಎಲ್ಲರಿಗೂ ಮಾಂಯ್, ಅಂದರೆ ಹಿರಿಯಮ್ಮ, ಸಭೆಗೆ ಬರುವುದು ಕೊನೆಯಲ್ಲಿ ಕೊಡುವ ಕಾಫಿಗಾಗಿ ಎಂದು ತಾನೇ ಹೇಳಿಕೊಳ್ಳುವವಳು.

"ಕಾರ್ಮಿಣ್, ನಿನ್ನ ಗಂಡನ ಪಟ್ಟಿಯಲ್ಲಿ ನಮ್ಮ ಮನೆಗೆ ಎಷ್ಟು ತೆನೆ?"

"ಏಳು. ಯಾಕೆ ಮಾಂಯ್?"

"ಆರು ಜನ ಇರುವುದು. ನನ್ನ ಗಂಡ ಸತ್ತು ಹನ್ನೊಂದು ವರ್ಷ ಆಯ್ತು ಮಾರಾಯ್ತಿ, ನಿನ್ನ ಗಂಡನಿಗೆ ಇನ್ನೂ ಸುದ್ದಿ ಸಿಕ್ಕಿಲ್ಲ. ನಾನು ಯಾಕೆ ಹೇಳುವುದು, ಒಂದು ತೆನೆ ಹೆಚ್ಚು ಬರ್ತದೆ." ನಗು ಎದ್ದಿತು, ವಿಗಾರರೂ ನಕ್ಕರು. ಮುದುಕಿ ನಗಲಿಲ್ಲ. "ಸತ್ತ ಗಂಡಸಿಗೂ ಪಟ್ಟಿಯಲ್ಲಿ ಜಾಗ ಉಂಟು. ಹೊಟ್ಟೆಯಲ್ಲಿ ಇರುವುದಕ್ಕೆ ಯಾವ ಗುರ್ಕಾರ ಯಾವತ್ತು ಕೊಟ್ಟಿದ್ದಾನೆ? ನಾವೇ ಅಲ್ವಾ ಜಗಳ ಮಾಡಿ ತಕ್ಕೊಂಡದ್ದು? ನಾನು ಆರು ಸಲ ತಕ್ಕೊಂಡಿದ್ದೇನೆ. ಅದು ಜೀವ ಅಂತ ಡೆಲ್ಲಿಗೆ ಹೇಳುವುದಕ್ಕೆ ಅರ್ಹತೆ ನಮಗೇ ಉಂಟು, ಫಾದರ್, ನಿಮಗಿಂತ ಹೆಚ್ಚು. ಆ ಜೀವವನ್ನು ಎಣಿಸುವವರು ನಾವು, ಹೊತ್ತವಳನ್ನು ಪೊಲೀಸರಿಗೆ ಎಣಿಸಿ ಕೊಡುವುದಾ? ಅದು ನನ್ನ ಕೈಯಲ್ಲಿ ಆಗುವುದಿಲ್ಲ. ಪಾವ್ಲಿನ್, ನೀನು ಬೇರೆ ಬರಿ. ಬರೆದು ಓದು. ಕಾಫಿ ತಣ್ಣಗಾದರೆ ಆಗಲಿ."

ವಿಗಾರರು ಮೇಜಿನ ಮೇಲಿನ ಹಾಳೆಯನ್ನು ತಮ್ಮ ಕಡೆಗೆ ಎಳೆದುಕೊಂಡರು. "ಬಿಷಪರ ಮನೆಯಿಂದ ಬಂದ ಒಕ್ಕಣೆ ಅದು," ಎಂದರು ಮೆಲ್ಲಗೆ. "ನಾನು ಎರಡನೆಯದನ್ನು ಯೋಚನೆ ಮಾಡದೆ ನಕಲು ಮಾಡಿದೆ. ನಿಜ ಹೇಳಬೇಕಾದರೆ, ಮೊದಲನೆಯದನ್ನೂ." ಮತ್ತೆ ತಮ್ಮ ಜೇಬಿನಿಂದ ಪೆನ್ನು ತೆಗೆದು, ಅದರ ಮುಚ್ಚಳ ಬಿಚ್ಚಿ, ಮಸಿ ಬರುತ್ತದೋ ಎಂದು ಉಗುರಿನ ಮೇಲೆ ಒಮ್ಮೆ ಗೀಚಿ ನೋಡಿ, ಅವಳ ಕಡೆಗೆ ಹಿಡಿ ಮಾಡಿ ಕೊಟ್ಟರು. ಆ ಗೀಚು ಅವಳಿಗೆ ಬಹಳ ದಿನ ನೆನಪಿತ್ತು. ಒಪ್ಪದವರು ಯಾರೂ ಅಷ್ಟು ಜೋಪಾನ ಮಾಡುವುದಿಲ್ಲ. ಕೂರಲು ಏನಾದರೂ ಇದೆಯೇ ಎಂದು ನೋಡುವಾಗ ಒಂದು ಸ್ಟೂಲು ನೆಲ ಉಜ್ಜಿಕೊಂಡು ಅವಳ ಕಡೆಗೆ ಬಂತು. ಕಾರ್ಮಿಣ್ ಬಾಯಿ ಕಾಲಿನಿಂದ ತಳ್ಳಿದ್ದಳು, ಮುಖ ಇನ್ನೂ ಗೋಡೆಯ ಕಡೆಗಿತ್ತು.

ಅವಳು ಬರೆದಳು. ಆಸ್ಪತ್ರೆಯ ಪುಸ್ತಕದಲ್ಲಿ ಬರೆಯುವ ಹಾಗೆ, ಅಲಂಕಾರವಿಲ್ಲದೆ. ಎರಡು ಸಲ ಹೊಡೆದು ಹಾಕಿದಳು. ಯಾರೋ ಹಿಂದಿನಿಂದ "ಸೆರೆಮನೆ ಅನ್ನುವುದನ್ನು ಬಿಡಬೇಡಿ," ಎಂದರು, ಇನ್ನೊಬ್ಬಳು, ಸಭೆಯಲ್ಲಿ ಒಂದು ದಿನವೂ ಬಾಯಿ ತೆರೆಯದ ಒಬ್ಬ ಟೀಚರಮ್ಮ, "ಆಶ್ರಯ ಅಂತ ಸುಮ್ಮನೆ ಬರೆದರೆ ಆಗುವುದಿಲ್ಲ, ಯಾರು ಕೊಡುವುದು ಅಂತ ಬರೆಯಿರಿ," ಎಂದಳು. ಎದ್ದು ನಿಂತು ಓದುವಾಗ ಅವಳ ಧ್ವನಿ ಅವಳದ್ದೇ ಆಗಿತ್ತು. ಗರ್ಭದಲ್ಲಿರುವ ಜೀವವನ್ನು ಕಾಯುವ ಕಾನೂನು ಇರಲಿ. ಆದರೆ ಆ ಕಾನೂನು ಹೊತ್ತವಳನ್ನು ಹಿಡಿದು, ಹೊರಿಸಿದವನನ್ನೂ ಹೆದರಿಸಿದವನನ್ನೂ ಬಿಡುವುದಾದರೆ ಅದು ನ್ಯಾಯವಲ್ಲ. ಹೆಂಗಸನ್ನು ಸೆರೆಮನೆಗೆ ಕಳಿಸಬಾರದು. ಕೊಟ್ಟವರು ಯಾರು ಎಂದು ಕೋರ್ಟು ಮೊದಲು ಕೇಳಬೇಕು. ದಿಕ್ಕಿಲ್ಲದ ಬಸುರಿಗೆ ಅನ್ನ, ಹಾಸಿಗೆ, ಹೆರಿಗೆ ಕೊಡುವ ಹೊಣೆ ಊರಿನದ್ದು. ಈ ಊರಿನಲ್ಲಿ ಅದು ನಮ್ಮ ಸಂಘದ್ದು, ಅವಳು ಯಾವ ಜಾತಿಯವಳಾದರೂ.

ಮೊದಲು ಕೋಲು ಮೇಲೆ ಎದ್ದಿತು, ಕೈ ಎತ್ತಲು ಆಗದೆ ನತಾಲಿ ಮಾಂಯ್ ಕೋಲನ್ನೇ ಎತ್ತಿದ್ದಳು. ಮತ್ತೆ ಟೀಚರಮ್ಮ. ಮತ್ತೆ ಬೀಡಿಯ ಎಲೆ ಕತ್ತರಿಸಿ ಬೆರಳು ಕಪ್ಪಾದ ಕೈಗಳು, ಬಳೆಯ ಕೈ, ಬಳೆ ಇಲ್ಲದ ಕೈ, ಮಗುವನ್ನು ಹೆಗಲಿನಿಂದ ಹೆಗಲಿಗೆ ಬದಲಿಸಿ ಎತ್ತಿದ ಕೈ. ಪಾವ್ಲಿನ್ ಬಾಯಿ ಈ ಕೈಗಳನ್ನೆಲ್ಲ ಬಲ್ಲಳು, ಹೆರಿಗೆಯ ಹೊತ್ತು ಮಂಚದ ಪಟ್ಟಿಯನ್ನು ಹಿಡಿದವು, ತನ್ನ ಮಣಿಕಟ್ಟನ್ನು ಹಿಡಿದು ನೀಲಿಗಟ್ಟಿಸಿದವು. ಇವು ಮೇಲೆದ್ದರೆ ಹೀಗೆ ಕಾಣುತ್ತವೆ ಎಂದು ಅವಳಿಗೆ ಗೊತ್ತಿರಲಿಲ್ಲ. ಕೋಣೆ ಇದ್ದಕ್ಕಿದ್ದಂತೆ ಎತ್ತರವಾದ ಹಾಗಿತ್ತು. ಮೂವತ್ತೆರಡರಲ್ಲಿ ಮೂವತ್ತೊಂದು. ಕಾರ್ಮಿಣ್ ಬಾಯಿ ಕೈ ಎತ್ತಲಿಲ್ಲ. ಬೇಡವೆನ್ನುವವರು ಯಾರೆಂದು ವಿಗಾರರು ಕೇಳಿದಾಗಲೂ ಎತ್ತಲಿಲ್ಲ. ವಿಗಾರರು ಶುದ್ಧಪ್ರತಿಯನ್ನು ತಾವೇ ಬರೆದು, ಅವಳ ಸಹಿಯ ಕೆಳಗೆ ತಮ್ಮದನ್ನೂ ಹಾಕಿ, "ಬಿಷಪರಲ್ಲಿಗೆ ನಾನೇ ಹೋಗ್ತೇನೆ. ಬೈದರೆ ನನಗೆ ಬೈಯಲಿ, ನನಗೆ ಅಭ್ಯಾಸ ಉಂಟು," ಎಂದರು. ಚಿತ್ತು ಮಾಡಿದ ಹಾಳೆಯನ್ನು ಅವಳು ಮಡಚಿ ರವಿಕೆಯೊಳಗೆ ಇಟ್ಟುಕೊಂಡಳು. ಕಾಫಿ ಕುಡಿಯದೆ ಹೊರಟಳು.

ಮೂಡಬಿದಿರೆಯಿಂದ ಬಂಟ್ವಾಳದ ಬಸ್ಸು ಸಿದ್ಧಕಟ್ಟೆಯ ತಿರುವುಗಳಲ್ಲಿ ಓಲಾಡುವಾಗ ಅವಳಿಗೆ ನಗು ಬಂತು. ಪಕ್ಕದಲ್ಲಿ ಕೂತವಳು ಬುಟ್ಟಿಯನ್ನು ಸ್ವಲ್ಪ ಆಚೆ ಎಳೆದುಕೊಂಡು ಜಾಗ ಮಾಡಿಕೊಟ್ಟಳು, ನಗುವವರಿಗೆ ಹೆಚ್ಚು ಜಾಗ ಬೇಕು ಎಂಬಂತೆ. ಹೊಟ್ಟೆ ಖಾಲಿ, ಪ್ರಸಾದ ತೆಗೆದುಕೊಳ್ಳುವ ದಿನ ನಡುರಾತ್ರಿಯಿಂದ ಉಪವಾಸ ಇರುವ ಹಳೆಯ ರೂಢಿಯನ್ನು ಅವಳು ಬಿಟ್ಟಿರಲಿಲ್ಲ. ಕೋರ್ಟಿನ ಮುಂದೆ ಬಸ್ಸು ನಿಂತಾಗ ಆ ಸಾಕ್ಷಿಯ ದಿನದ ನಂತರ ಮೊದಲ ಬಾರಿಗೆ ಅದನ್ನು ಕತ್ತೆತ್ತಿ ನೋಡಿದಳು. ಹಂಚು ಹಾಕಿದ ಒಂದು ಕಟ್ಟಡ, ವರಾಂಡದಲ್ಲಿ ಭಾನುವಾರದ ಒಂದು ನಾಯಿ. ಇಷ್ಟೇ ದೊಡ್ಡದಾ ಇದು? ಅವಳು ಇಳಿಯಬೇಕಾದದ್ದು ಮುಂದೆ, ಪಾಣೆಮಂಗಳೂರಿನಲ್ಲಿ, ಸೇತುವೆಯ ಹತ್ತಿರ, ನೀಲಾವತಿ ಊಟದ ಅಂಗಡಿ ಇಟ್ಟಿದ್ದಾಳೆಂದು ಯಾರೋ ಹೇಳಿದ್ದಲ್ಲಿ.

ಅಂಗಡಿಯಲ್ಲಿ ನಾಲ್ಕೈದು ಜನ ಊಟ ಮಾಡುತ್ತಿದ್ದರು. ಹಿತ್ತಲಿನ ಬಾಗಿಲಲ್ಲಿ ಸೇಸಮ್ಮ ಮೀನು ತೊಳೆಯುತ್ತಿದ್ದಳು, ಕೂದಲು ಪೂರ್ತಿ ಬೆಳ್ಳಗಾಗಿತ್ತು. ನೀಲಾವತಿ ಸೌಟು ಹಿಡಿದೇ ತಿರುಗಿ ನೋಡಿದಳು. ದಪ್ಪಗಾಗಿದ್ದಳು. ಮುಖದಲ್ಲಿ ಆಶ್ಚರ್ಯ ಇರಲಿಲ್ಲ.

"ಮೂರು ಸಲ ಬಸ್ಸಿನಲ್ಲಿ ಹೋದದ್ದು ನೋಡಿದ್ದೇನೆ ಬಾಯಮ್ಮ," ಎಂದಳು. "ಮೂರು ಸಲವೂ ಆಚೆ ಬದಿ ನೋಡಿದಿರಿ. ಆಚೆ ಬದಿಯಲ್ಲಿ ಏನುಂಟು, ಹೊಳೆ ಮಾತ್ರ."

ಪಾವ್ಲಿನ್ ಬಾಯಿ ನಿಂತೇ ಹೇಳಿದಳು. "ಅವತ್ತು ಅವನ ಹೆಸರು ನನಗೆ ಗೊತ್ತಿತ್ತು ನೀಲಾವತಿ. ಹೇಳಲಿಲ್ಲ."

"ಗೊತ್ತುಂಟು. ನಾನು ನಿಮ್ಮ ಬಾಯಿಯನ್ನೇ ನೋಡ್ತಾ ಇದ್ದೆ. ಈಗ ಹೇಳ್ತಾರೆ, ಈಗ ಹೇಳ್ತಾರೆ ಅಂತ." ಅವಳು ಒಬ್ಬನಿಗೆ ಸಾರು ಬಡಿಸಿದಳು. "ಮತ್ತೆ ನೀವು ಇಳಿದು ಹೋದಿರಿ."

ಸಮರ್ಥನೆಗೆ ಎಷ್ಟೋ ಮಾತುಗಳು ಸಿದ್ಧವಾಗಿದ್ದವು, ಎಂಟು ವರ್ಷ ಪಾಲಿಶ್ ಮಾಡಿಟ್ಟವು. ಒಂದನ್ನೂ ಅವಳು ತೆಗೆಯಲಿಲ್ಲ. ರವಿಕೆಯಿಂದ ಹಾಳೆ ತೆಗೆದು, ಇವತ್ತು ನಡೆದದ್ದನ್ನು ಹೇಳಿ, ಮೆಲ್ಲಗೆ ಓದಿದಳು. ನೀಲಾವತಿ ಸೌಟನ್ನು ಪಾತ್ರೆಗೆ ಹಾಕಿದಳು.

"ಇದು ಕಾನೂನು ಆಗ್ತದಾ?"

"ಗೊತ್ತಿಲ್ಲ. ಆಗದೆಯೂ ಇರಬಹುದು."

"ನನ್ನ ಮೂರು ತಿಂಗಳು?"

"ಅದು ಹಿಂದೆ ಬರುವುದಿಲ್ಲ."

"ಅದು ಬರುವುದಿಲ್ಲ," ಎಂದು ಒಪ್ಪಿದಳು ನೀಲಾವತಿ. ಸೆರಗಿಗೆ ಕೈ ಒರೆಸಿಕೊಂಡಳು. "ಮೂವತ್ತೊಂದು ಹೆಂಗಸರು ಕೈ ಎತ್ತಿದರಾ? ನಮ್ಮಂಥವರಿಗೆ?"

"ಎತ್ತಿದರು."

"ಅಮ್ಮ, ಮೀನು ಅಲ್ಲಿ ಇಡು, ಇಲ್ಲಿ ಬಾ. ಬಾಯಮ್ಮ, ಇನ್ನೊಮ್ಮೆ ಓದಿ. ಕೋರ್ಟಿನಲ್ಲಿ ಮಾತಾಡಿದ ಹಾಗೆ ಅಲ್ಲ. ಗಟ್ಟಿಯಾಗಿ ಓದಿ, ಇವರಿಗೂ ಕೇಳಲಿ."

ಅವಳು ಓದಿದಳು. ಊಟ ಮಾಡುತ್ತಿದ್ದವರು ಕೈ ತಡೆದು ಕೇಳಿದರು. ಹೊರಿಸಿದವನನ್ನೂ ಹೆದರಿಸಿದವನನ್ನೂ ಎಂಬಲ್ಲಿ ಸೇಸಮ್ಮ ಒದ್ದೆ ಕೈಯಿಂದ ಮಗಳ ತೋಳು ಹಿಡಿದಳು. ಕೊನೆಯ ಸಾಲು ಮುಗಿದಾಗ ಲಾರಿ ಡ್ರೈವರ್ ಅಬ್ದುಲ್ ಶುಕೂರ್ ಎಂಬವನು, "ಅದು ಸರಿ ಉಂಟು," ಎಂದು ಮತ್ತೆ ಅನ್ನಕ್ಕೆ ಕೈ ಹಾಕಿದ. ನೀಲಾವತಿ ತಲೆ ಎತ್ತಿ ನಿಂತಿದ್ದಳು, ಕಟಕಟೆಯಲ್ಲಿ ಸಜೆ ಕೇಳಿ ನೆಲ ನೋಡಿದ ಹುಡುಗಿಯಲ್ಲ, ತನ್ನ ಅಂಗಡಿಯ ನಡುವೆ ನಿಂತ ಯಜಮಾನಿ. ಅವಳ ಮುಖವನ್ನು ಅಷ್ಟು ಹತ್ತಿರದಿಂದ, ಅಷ್ಟು ಹೊತ್ತು ನೋಡಲು ಪಾವ್ಲಿನ್ ಬಾಯಿಗೆ ಇವತ್ತು ಹೆದರಿಕೆಯಾಗಲಿಲ್ಲ.

"ಆ ಕಾಗದ ನನಗೆ ಬೇಕು," ಎಂದಳು ನೀಲಾವತಿ. ಪಾವ್ಲಿನ್ ಬಾಯಿ ಕೊಟ್ಟಳು. ಅವಳು ಅದನ್ನು ಗೋಡೆಯ ಕನ್ನಡಿಯ ಹಿಂದೆ ಸಿಕ್ಕಿಸಿದಳು.

ಸೇತುವೆಯ ಆ ಕಡೆಯಿಂದ ವಾಪಸು ಬಸ್ಸಿನ ಹಾರ್ನು ಕೇಳಿಸಿತು. ಸಂಜೆ ಕೇಂದ್ರದಲ್ಲಿ ಒಬ್ಬಳು ಹೆರಿಗೆಗೆ ಬರುವವಳಿದ್ದಾಳೆ, ಹೋಗಲೇಬೇಕು ಎಂದು ಪಾವ್ಲಿನ್ ಬಾಯಿ ಹೊರಟಳು. ನೀಲಾವತಿ ಒಳಗೆ ಹೋದಳು. ಬಾಡಿಸಿದ ಬಾಳೆಲೆ ಹರಡಿ ಕುಚ್ಚಲಕ್ಕಿಯ ಅನ್ನ ಹಾಕಿದಳು, ಬದಿಗೆ ಹುರಿದ ಎರಡು ಮೀನು, ಒಂದು ಚಮಚ ಚಟ್ನಿ; ಒಂದು ಕ್ಷಣ ನೋಡಿ, ಇನ್ನೊಂದು ಮೀನು ಇಟ್ಟಳು. ಮಡಚಿ, ಬಾಳೆನಾರಿನಿಂದ ಕಟ್ಟಿ, ರಸ್ತೆಯವರೆಗೆ ಹಿಂದೆ ಬಂದು, ಬಸ್ಸು ಹತ್ತಿದವಳ ಕೈಗೆ ಕಿಟಕಿಯಿಂದ ಆ ಬಿಸಿ ಕಟ್ಟನ್ನು ಕೊಟ್ಟಳು.